ಎರಡನೇ ರಿಂಗ್

ಬೆಳಿಗ್ಗೆ ಟೆಲಿಫೋನ್ ಆಪರೇಟರ್ ಹುಡುಗಿ ಆಫೀಸಿಗೆ ಬಂದಾಗ ಅವಳ ಮೇಜಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಎಡಗಾಲಿನ ಶೂ ಲೇಸು ಎಂದಿನಂತೆ ಬಿಚ್ಚಿಕೊಂಡಿತ್ತು.

ಅಯ್ಯೋ... ಇವನಾ!

ಫೋನ್ ರಿಪೇರಿಯವನು ಅವಳನ್ನು ಕಂಡು ಏಳುವ ಆತುರದಲ್ಲಿ ಮೇಜಿಗೆ ತಲೆ ಚಚ್ಚಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಾಯಿತೇ ಎಂದು ಕೇಳುತ್ತಿದ್ದಳು. ಇವನನ್ನು ಕೇಳಲಿಲ್ಲ.

"ಸಾಹೇಬ್ರು ಕಾಲರ್ ಐಡಿ ಹಾಕೋಕೆ ಹೇಳಿದ್ದಾರೆ," ಎಂದ.

"ಹಾಕಿ," ಎಂದಳು.

ಅದು ಲಾರಿ ಆಫೀಸು. ಸರಕು ತಡವಾದರೆ ಗಿರಾಕಿಗಳು ಹೆಸರೂ ಹೇಳದೆ ಬೈದು ಫೋನ್ ಇಟ್ಟುಬಿಡುತ್ತಿದ್ದರು. ಬೈದವರು ಯಾರೆಂದಾದರೂ ತಿಳಿಯಲಿ ಎಂಬುದು ಸಾಹೇಬರ ಆಸೆ. ಆದರೆ ಗೋಡೆಯ ಮೇಲಿನ ಆ ಫೋನ್ ಪೆಟ್ಟಿಗೆ ಸಾಹೇಬರ ಅಪ್ಪನ ಕಾಲದ್ದು. ಅದಕ್ಕೆ ಬಡಿದುಕೊಳ್ಳುವುದು ಗೊತ್ತೇ ಹೊರತು ಕರೆ ಯಾರದೆಂದು ಹೇಳಲು ಗೊತ್ತಿಲ್ಲ. ಹಾಗಾಗಿ ಹೊರಗಿನ ಲೈನು ಪೆಟ್ಟಿಗೆ ಸೇರುವ ಮೊದಲೇ ನಂಬರ್ ತೋರಿಸುವ ಪುಟ್ಟ ಡಬ್ಬಿಯೊಂದನ್ನು ಜೋಡಿಸಬೇಕಿತ್ತು.

ಇನ್ನು ಇವರಿಬ್ಬರ ವಿಷಯ. ಹೋದ ವರ್ಷ ಕೆಟ್ಟಿದ್ದನ್ನು ಸರಿಮಾಡಲು ಬರುತ್ತಿದ್ದವನು, ಬರಬರುತ್ತಾ ಕೆಡದಿದ್ದನ್ನೂ ಸರಿಮಾಡಲು ಬರತೊಡಗಿದ್ದ. ಒಂದು ದಿನ ಮೆಟ್ಟಿಲ ಬಳಿ ನಿಂತು, "ನಿಮ್ಮಣ್ಣನ ಹತ್ರ ಬಂದು ಮಾತಾಡ್ಲಾ?" ಎಂದು ಕೇಳಿಯೇಬಿಟ್ಟ. ನಾಳೆ ಆಫೀಸಿಗೆ ಫೋನ್ ಮಾಡಿ, ಹೇಳುತ್ತೇನೆ ಎಂದು ಅವಳು ಓಡಿದ್ದಳು. ಮನೆ ಸೇರುವಷ್ಟರಲ್ಲೇ ಉತ್ತರ ತಯಾರಾಗಿತ್ತು... ಹೂಂ!

ಅವನ ಫೋನ್ ಬರಲಿಲ್ಲ. ಅವನೂ ಬರಲಿಲ್ಲ. ಮುಂದಿನ ರಿಪೇರಿಗೆ ಬೇರೆ ಯಾರೋ ಬಂದರು. ಅವಳಿಗೆ ತುಂಬಾ ನೋವಾಯಿತು, ಆದರೆ ತಾನಾಗಿ ಫೋನ್ ಮಾಡಲು ಅಭಿಮಾನ ಬಿಡಲಿಲ್ಲ.

ಈಗ ಅತ್ತಿಗೆ ತನ್ನ ತವರಿನ ಕಡೆಯಿಂದ ಒಂದು ಸಂಬಂಧ ತಂದಿದ್ದಳು. ಇವತ್ತು ಸಂಜೆಯೊಳಗೆ ಹೂಂ ಇಲ್ಲವೇ ಉಹೂಂ ಹೇಳಬೇಕಿತ್ತು. ಹೂಂ ಅಂದುಬಿಡೋಣ ಎಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು.

ಡಬ್ಬಿ ಜೋಡಿಸಿದ ಮೇಲೆ ಅವನು ತನ್ನ ಮೊಬೈಲಿನಿಂದ ಕರೆ ಮಾಡಿ ನೋಡಿದ. ಫೋನ್ ಹೊಡೆದುಕೊಳ್ಳುತ್ತಿದ್ದಂತೆ ಅವಳು ಎತ್ತಿದಳು. ಡಬ್ಬಿ ಖಾಲಿ. ಮತ್ತೆ ಮಾಡಿದ, ಮತ್ತೆ ಎತ್ತಿದಳು. ಮತ್ತೆ ಖಾಲಿ.

"ಡಬ್ಬಿ ಕೆಟ್ಟಿದೆ," ಎಂದಳು.

"ಡಬ್ಬಿ ಸರಿಯಾಗಿದೆ. ನಿಮ್ಮ ಕೈ ಜೋರು."

ಮೊದಲ ರಿಂಗಿಗೂ ಎರಡನೆಯದಕ್ಕೂ ನಡುವೆ ನಂಬರ್ ಬರುತ್ತದೆ, ಅಷ್ಟರೊಳಗೆ ಎತ್ತಿದರೆ ಬರುವುದೇ ಇಲ್ಲ ಎಂದು ಅವನು ವಿವರಿಸಿದ. ಮೊದಲ ರಿಂಗಿಗೇ ಎತ್ತುವುದು ಅವಳಿಗೊಂದು ಹೆಮ್ಮೆ. ಅದಕ್ಕೇ ಕಲ್ಲು ಬಿತ್ತು.

"ಎರಡನೇ ರಿಂಗ್ ಆಗೋವರೆಗೂ ಕಾಯ್ಬೇಕು," ಎಂದ.

"ಕಾಯೋದು ನಂಗೇನು ಹೊಸದಲ್ಲ."

ಬಾಯಿ ಜಾರಿತ್ತು. ಅವನ ಕೈಯಲ್ಲಿನ ಸ್ಕ್ರೂಡ್ರೈವರ್ ನಿಂತಿತು.

"ನೀವು ಕಾದ್ರಾ? ನಾನು ಫೋನ್ ಮಾಡಿದ್ನಲ್ಲ..."

"ಸುಳ್ಳು."

"ಮಾಡಿ, 'ನಾನು' ಅಂದೆ. ನೀವು 'ನಾನು ಅಂದ್ರೆ ಯಾವ ನಾನು? ಯಾರು ಬೇಕಾಗಿತ್ತು?' ಅಂದ್ರಿ. ಅಷ್ಟೂ ಗುರುತಿಲ್ಲ ಅಂದ್ಮೇಲೆ ಇನ್ನೇನು ಮಾತು ಅಂತ ಇಟ್ಬಿಟ್ಟೆ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಈ ಆಫೀಸಿಗೆ ಫೋನ್ ಮಾಡುವವರೆಲ್ಲ 'ನಾನು' ಎಂದೇ ಶುರುಮಾಡುತ್ತಾರೆ. ಡ್ರೈವರುಗಳೂ ನಾನು, ಅವರ ಹೆಂಡತಿಯರೂ ನಾನು. ಹಳೇ ಲೈನಿನಲ್ಲಿ ಎಲ್ಲರ ದನಿಯೂ ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಯಾವ ನಾನು ಎಂದು ಒಮ್ಮೆ ಸಾಹೇಬರನ್ನೇ ಕೇಳಿ ಬೈಸಿಕೊಂಡಿದ್ದಳು.

"ಹೆಸರು ಹೇಳೋಕೆ ಏನಾಗಿತ್ತು ನಿಮ್ಗೆ?"

"ಹೇಳದೇನೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

ಅತ್ತಿಗೆ ತಂದ ಸಂಬಂಧದ ವಿಷಯವನ್ನೂ, ಸಂಜೆ ಉತ್ತರ ಕೊಡಬೇಕಿರುವುದನ್ನೂ ಅವಳು ತಲೆ ಬಗ್ಗಿಸಿಕೊಂಡೇ ಹೇಳಿದಳು. ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೊರಟುಹೋದ.

ಮತ್ತೆ ಹೊರಟೇಬಿಟ್ಟನಾ...

ಫೋನ್ ಹೊಡೆದುಕೊಂಡಿತು.

ಕೈ ತಾನಾಗಿ ಮುಂದೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದಳು. ಎರಡನೇ ರಿಂಗ್. ಡಬ್ಬಿಯ ಮೇಲೆ ನಂಬರ್ ಮೂಡಿತು. ರಿಪೇರಿಗೆಂದು ಗೋಡೆಯ ಪೆಟ್ಟಿಗೆಯ ಮೇಲೆ ಅಂಟಿಸಿದ್ದ, ನೋಡಿ ನೋಡಿ ಬಾಯಿಪಾಠವಾಗಿದ್ದ, ಅಂದಿನಿಂದ ಅವಳು ಒಮ್ಮೆಯೂ ಒತ್ತದಿದ್ದ ಅವನ ನಂಬರ್.

ರಿಸೀವರ್ ಎತ್ತಿದಳು.

"ನಮಸ್ಕಾರ. ಯಾರು ಬೇಕಾಗಿತ್ತು?"

"ನೀವೇ ಬೇಕಾಗಿತ್ತು."

"ಯಾರು ಮಾತಾಡೋದು?"

ಈ ಸಲ ಅವನು ನಾನು ಎನ್ನಲಿಲ್ಲ. ತನ್ನ ಹೆಸರನ್ನು ಅಪ್ಪನ ಹೆಸರಿನ ಸಮೇತ ಹೇಳಿದ. ಅಣ್ಣನನ್ನು ನೋಡಲು ಯಾವಾಗ ಬರಲಿ ಎಂದು ಕೇಳಿದ.

"ಇವತ್ತು ಸಂಜೆನೇ ಬನ್ನಿ. ಲೇಸ್ ಕಟ್ಕೊಂಡು ಬನ್ನಿ, ಅತ್ತಿಗೆ ಮೊದಲು ನೋಡೋದೇ ಅದನ್ನ."

"ಆಯ್ತು."

ಮಾತು ಮುಗಿದಿತ್ತು. ಆದರೂ ಇಬ್ಬರೂ ಫೋನ್ ಹಿಡಿದೇ ಇದ್ದರು.

"ಇಡಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಹೋದ ಸಲ ನಾನೇ ಇಟ್ಟಿದ್ದೆ... ಈ ಸಲ ನೀವೇ ಇಡಿ."