ಗುಡುಗಿಗೆ ಕಿತ್ತ ಪ್ಲಗ್ಗು

"ನಮ್ಮಮ್ಮನ ದನಿ ಎಲ್ಲಿ? ವಾಪಸ್ ಕೊಡಿ!"

ಸೋಮವಾರಪೇಟೆಯ ಸಂತೆ ದಿನ. ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ದೀಕ್ಷಿತಾ ಕೂಗಿದ ರಭಸಕ್ಕೆ, ಎದುರುಗಡೆ ಹಸಿಮೆಣಸಿನಕಾಯಿ ತೂಗುತ್ತಿದ್ದವನ ಕೈಯಲ್ಲಿ ತಕ್ಕಡಿ ಹಾಗೇ ನಿಂತಿತು.

ಒಳಗಿದ್ದ ಯುವಕ ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದ.

"ನೀವು... ದೀಕ್ಷಿತಾ ಅವರಾ?"

ಆ ದನಿ! ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ!

ಅವನು ದಿಗಂತ್. ಅಮ್ಮ ಕಾಯಿಲೆ ಬಿದ್ದಾಗ, ಅವಳ ಮೊಬೈಲಿನ ವಿಡಿಯೋಗಳನ್ನೆಲ್ಲ ಮನೆಯ ಟಿವಿಯಲ್ಲೇ ನೋಡುವ ಹಾಗೆ ಒಂದು ಪುಟ್ಟ ಡಬ್ಬಿಯಲ್ಲಿ ಮೀಡಿಯಾ ಸರ್ವರ್ ಮಾಡಿಕೊಟ್ಟವನು. ದೀಕ್ಷಿತಾ ಆಗ ಮಡಿಕೇರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಅವನ ಮುಖ ನೋಡಿರಲಿಲ್ಲ. ಅಮ್ಮ ಹೋದ ಮೇಲೆ ಡಬ್ಬಿ ಮೊಂಡಾಟ ಮಾಡಿದಾಗಲೆಲ್ಲ ಅವನಿಗೇ ಫೋನು. ನಿಜ ಹೇಳಬೇಕೆಂದರೆ ಡಬ್ಬಿ ಸರಿಯಿದ್ದಾಗಲೂ ಒಂದೆರಡು ಸಲ... ಇರಲಿ ಬಿಡಿ, ಹುಡುಗಿಯ ಮಾನ ಕಳೆಯುವುದು ಬೇಡ!

ಇವತ್ತು ಮಾತ್ರ ಅವಳ ಕಣ್ಣಲ್ಲಿ ಕೆಂಡ.

"ಹೋದ ವಾರ ಅದೇನೋ ಅಪ್‌ಡೇಟ್ ಹಾಕ್ತೀನಿ ಅಂದ್ರಲ್ಲ... ನಿನ್ನೆ ಸಂಜೆಯಿಂದ ಟಿವಿಯಲ್ಲಿ ಏನೂ ಇಲ್ಲ! ಎಲ್ಲ ಅಳಿಸಿಬಿಟ್ರಿ! ನಾಳೆ ಮಧ್ಯಾಹ್ನ ನನ್ನ ತಂಗಿಗೆ ಅರಿಶಿನ ರೀ..."



ದಿಗಂತ್ ಅಂಗಡಿಯ ಷಟರ್ ಎಳೆದು ಬೈಕ್ ತೆಗೆದ. "ಹತ್ತಿ" ಎಂದ.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನ ಅವಳದು. ಮದುಮಗಳು ಅರಿಶಿನಕ್ಕೆ ಮಣೆಯ ಮೇಲೆ ಕೂತಾಗ ಮೊದಲ ಸೋಬಾನೆ ಹೆತ್ತವಳದೇ ಆಗಬೇಕು, ಆಮೇಲೆ ಉಳಿದ ಹೆಂಗಸರು. ಆ ದಿನಕ್ಕೆ ತಾನಿರುವುದಿಲ್ಲ ಎಂದು ತಿಳಿದಿದ್ದ ಅಮ್ಮ, ಚಿಕ್ಕ ಮಗಳು ಅನುಶ್ರೀಯ ಹೆಸರು ಸೇರಿಸಿ ಹಾಡಿ, ರೆಕಾರ್ಡ್ ಮಾಡಿಸಿ ಹೋಗಿದ್ದಳು. ಅನುಶ್ರೀ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಮಣೆಯ ಮೇಲೆ ಕೂತೇ ಕೇಳಬೇಕೆಂದು ಎತ್ತಿಟ್ಟುಕೊಂಡಿದ್ದಳು.

"ಆ ಹಾಡಿಲ್ದಿದ್ರೆ ನಾನು ಮಣೆ ಮೇಲೆ ಕೂರಲ್ಲ" ಎಂದು ಬೆಳಗ್ಗೆಯೇ ಹೇಳಿಬಿಟ್ಟಿದ್ದಳು.

ಮನೆಯಲ್ಲಿ ಚಪ್ಪರದ ಕೆಲಸ ನಡೆದಿತ್ತು. ದಿಗಂತ್ ಟಿವಿಯ ಹಿಂದಿನ ಡಬ್ಬಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂತ. ಅವನ ಹುಬ್ಬು ಗಂಟಿಕ್ಕುತ್ತಾ ಹೋಯಿತು.

"ಡೇಟಾಬೇಸ್ ಕೆಟ್ಟೋಗಿದೆ."

"ಅಂದ್ರೆ... ಹಾಡು?"

"ಅಡುಗೆಮನೆ ಡಬ್ಬಗಳಲ್ಲಿ ಸಾಮಾನಿದೆ, ಮೇಲಿನ ಚೀಟಿ ಮಾತ್ರ ಕಿತ್ತೋಗಿದೆ ಅನ್ಕೊಳ್ಳಿ. ಯಾವುದರಲ್ಲಿ ಏನಿದೆ ಅಂತ ಅದಕ್ಕೇ ಗೊತ್ತಾಗ್ತಿಲ್ಲ. ಒಳಗಿದ್ದ ಬ್ಯಾಕಪ್ಪೂ ಓಪನ್ ಆಗ್ತಿಲ್ಲ." ಅವನು ಡಬ್ಬಿಗೆ ಕಿವಿಯಿಟ್ಟ. ಒಳಗೆ ಕಟ್... ಕಟ್... ಎಂಬ ಸದ್ದು. "ಡಿಸ್ಕೂ ಸಾಯ್ತಾ ಇದೆ. ಕೆಲಸ ಮಾಡ್ತಿರುವಾಗಲೇ ಕರೆಂಟ್ ಹೋಗಿರ್ಬೇಕು."

"ಇಲ್ಲ, ನಿನ್ನೆ ಕರೆಂಟ್ ಇತ್ತು..."

"ನಿನ್ನೆ ಗುಡುಗಿತ್ತಲ್ವಾ? ಯಾರಾದ್ರೂ ಪ್ಲಗ್ ಕಿತ್ರಾ?"

ದೀಕ್ಷಿತಾ ತನ್ನ ಕೈ ನೋಡಿಕೊಂಡಳು.

ಈ ಕಡೆ ದೂರದಲ್ಲಿ ಗುಡುಗಿದರೂ ಸಾಕು, ಒಲೆಯ ಮೇಲಿನ ಹಾಲು ಬಿಟ್ಟಾದರೂ ಓಡಿ ಟಿವಿ, ಫ್ರಿಜ್ಜು, ರೂಟರ್ ಎಲ್ಲದರ ಪ್ಲಗ್ ಕೀಳುವುದು ಮನೆಮನೆಯ ರೂಢಿ. ನಿನ್ನೆ ಓಡಿದ್ದು ಅವಳೇ. ಡಬ್ಬಿಯ ಪ್ಲಗ್ಗನ್ನು ಎಳೆದ ಕೈ ಇದೇ ಕೈ!

'ನಾನು... ಅಮ್ಮನ ದನಿಯನ್ನು ನಾನೇ...'

ಅಷ್ಟರಲ್ಲಿ ಅನುಶ್ರೀ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು.

"ಏನಾಯ್ತು? ಯಾರು ಹಾಳು ಮಾಡಿದ್ದು?"

ಹೇಳಬೇಕೆಂದು ದೀಕ್ಷಿತಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ.

"ತಪ್ಪು ನಂದೇ" ಎಂದ ದಿಗಂತ್. "ನಾನು ಹಾಕಿದ ಅಪ್‌ಡೇಟ್ ಸರಿ ಇರ್ಲಿಲ್ಲ. ಡಿಸ್ಕ್ ತಗೊಂಡು ಹೋಗ್ತೀನಿ. ನಾಳೆ ಅಷ್ಟೊತ್ತಿಗೆ..."

"ನಾಳೆನಾ? ನಿಮ್ಮನ್ನ ಮಗನ ಥರ ಕೂರಿಸ್ಕೊಂಡು ಊಟ ಹಾಕಿದ್ಳು ನಮ್ಮಮ್ಮ! ನಡೀರಿ ಆಚೆಗೆ!" ಅನುಶ್ರೀ ಬಿಕ್ಕುತ್ತಾ ಕಿರುಚಿದಳು.

ಚಪ್ಪರ ಕಟ್ಟುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜನರ ಮುಂದೆ ಅವನು ಡಿಸ್ಕ್ ಎತ್ತಿಕೊಂಡು, ತಲೆ ತಗ್ಗಿಸಿ ಹೊರಟುಹೋದ. ದೀಕ್ಷಿತಾ ಕಂಬ ಹಿಡಿದು ನಿಂತೇ ಇದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು, ಒಂದೇ ಮಾತು! ಅದೂ ಆಗಲಿಲ್ಲ ಅವಳಿಂದ. ತನ್ನ ಮೇಲೆ ತನಗೇ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ.

ಮಾರನೆಯ ದಿನ ಮೊದಲ ಬಸ್ಸಿಗೇ ಸೋಮವಾರಪೇಟೆಯಲ್ಲಿಳಿದಳು.

ಅಂಗಡಿಯಲ್ಲಿ ರಾತ್ರಿಯಿಡೀ ಕೂತಿದ್ದ ದಿಗಂತ್‌ನ ಕಣ್ಣು ಕೆಂಪಗಿತ್ತು. "ಎಲ್ಲ ಕಾಪಿ ಆಯ್ತು. ಆಮೇಲೆ ಡಿಸ್ಕ್ ಪೂರ್ತಿ ನಿಂತೇ ಹೋಯ್ತು. ಆದ್ರೆ ಫೈಲ್‌ಗಳಿಗೆ ಬರೀ ನಂಬರ್ರು. ನಿಮ್ಮಮ್ಮ ಇಟ್ಟಿದ್ದ ಹೆಸರು ಒಂದೂ ಉಳಿದಿಲ್ಲ. ಒಂದೊಂದಾಗಿ ಕೇಳ್ಬೇಕು."

"ನಿನ್ನೆ ಯಾಕೆ ಹಾಗೆ ಹೇಳಿದ್ರಿ?"

"ಮಣೆ ಮೇಲೆ ಕೂರೋ ಹುಡುಗಿ ಅಕ್ಕನ ಮೇಲೆ ಮುನಿಸ್ಕೊಂಡು ಕೂರ್ಬಾರ್ದು ಅಂತ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಪೂರ್ತಿ ಸುಳ್ಳೂ ಅಲ್ಲ. ಇನ್ನೊಂದು ಡಿಸ್ಕಲ್ಲಿ ಬೇರೆ ಕಾಪಿ ಇಡ್ಬೇಕಿತ್ತು ನಾನು."

ಕೇಳತೊಡಗಿದರು. ಅಮ್ಮ ಕೋಳಿ ಕರೆಯುತ್ತಿದ್ದಾಳೆ. ಅಮ್ಮ ಅಪ್ಪನನ್ನು ಬೈಯುತ್ತಿದ್ದಾಳೆ. ಅಮ್ಮ ಶುಂಠಿ ಹೊಲದಲ್ಲಿ ನಿಂತು ಸುಮ್ಮನೆ ನಗುತ್ತಿದ್ದಾಳೆ... ಎಲ್ಲ ಇದೆ, ಬೇಕಾದದ್ದು ಒಂದಿಲ್ಲ. ಬಿಸಿಲೇರಿತು. ಮನೆಯಿಂದ ಫೋನ್ ಮೇಲೆ ಫೋನ್. ಪಟ್ಟಿ ಮುಗಿಯುವ ಹಾಗೇ ಕಾಣಲಿಲ್ಲ.

'ಸಿಗೋದೇ ಇಲ್ಲ... ಅನು ಕೂರೋದೇ ಇಲ್ಲ...'

ಮತ್ತೆ ಫೋನ್. ಈ ಸಲ ದೀಕ್ಷಿತಾ ಎತ್ತಿದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಅನೂ... ಅವ್ರದ್ದೇನೂ ತಪ್ಪಿಲ್ಲ ಕಣೇ. ಗುಡುಗಿದಾಗ ಪ್ಲಗ್ ಕಿತ್ತಿದ್ದು ನಾನು. ಗೊತ್ತಿದ್ದೂ ನಿನ್ನೆ ಬಾಯಿ ಬಿಡ್ಲಿಲ್ಲ. ಬೈಯಿ ನನ್ನ, ಹೊಡಿ... ಅವ್ರನ್ನ ಮಾತ್ರ ಏನೂ ಅನ್ಬೇಡ!"

ಆ ಕಡೆಯಿಂದ ಒಂದು ಬಿಕ್ಕು.

"ಅಕ್ಕಾ... 'ಗುಡುಗ್ತಾ ಐತೆ, ಬೇಗ ಕೀಳೇ' ಅಂತ ಕೂಗಿದ್ದು ನಾನಲ್ವೇನೇ? ಸ್ನಾನದ ಮನೆಯಿಂದ!"

ಅಕ್ಕತಂಗಿಯರಿಬ್ಬರೂ ಅಳುತ್ತಲೇ ಇದ್ದರು. ದಿಗಂತ್ ಏನು ಮಾಡಲೂ ತೋಚದೆ ಮುಂದಿನ ಫೈಲನ್ನು ಒತ್ತಿದ.

"ಸೋಬಾನ ಅನ್ನಿರೇ... ನಮ್ಮನುಶ್ರೀ ಹಸೆಗೆ ಬಂದಾಳೆ..."

ಅಮ್ಮ! ಸೊರಗಿದ ದನಿ, ಆದರೂ ತಾಳ ತಪ್ಪಿರಲಿಲ್ಲ. ದೀಕ್ಷಿತಾ ಥಟ್ಟನೆ ನಿಲ್ಲಿಸಿದಳು.

"ಮಿಕ್ಕಿದ್ದು ಮಣೆ ಮೇಲೆ ಕೂತು ಕೇಳು."

"ಬೇಗ ಬಾರೇ!" ಅನುಶ್ರೀ ಅಳುತ್ತಲೇ ನಕ್ಕಳು. "ಅವ್ರನ್ನೂ ಕರ್ಕೊಂಡು ಬಾ. ನಾನು ಅಂದ ಮಾತಿಗೆ ಎಲ್ರೆದುರಿಗೇ ಕ್ಷಮೆ ಕೇಳ್ಬೇಕು."

ಫೋನ್ ಇಟ್ಟ ಮೇಲೆ ದಿಗಂತ್ ಆ ಹಾಡನ್ನು ಪೆನ್‌ಡ್ರೈವಿಗೆ ಹಾಕಿದ.

"ನಿನ್ನೆ ನೀವು ಒಂದು ಮಾತೂ ಆಡದೆ ನಿಂತ್ರಲ್ಲ..." ದಿಗಂತ್ ನಿಧಾನವಾಗಿ ಹೇಳಿದ, "ತುಂಬ ನೋವಾಯ್ತು. ಬೇರೆ ಯಾರೇ ಆಗಿದ್ರೂ ಅಷ್ಟು ಆಗ್ತಿರ್ಲಿಲ್ಲ."

ಆ ಮಾತಿನ ಅರ್ಥ ದೀಕ್ಷಿತಾಳಿಗೆ ತಿಳಿಯದೆ ಹೋಗಲಿಲ್ಲ. ಅವನ ಕೈಯ ಮೇಲೆ ಕೈಯಿಟ್ಟಳು. "ಇನ್ನೊಂದು ಸಲ ಹಾಗೆ ನಿಲ್ಲಲ್ಲ ನಾನು" ಎಂದಳು.

ಮಧ್ಯಾಹ್ನ ಅನುಶ್ರೀ ಮಣೆಯ ಮೇಲೆ ಕೂತಳು. ಅಮ್ಮನ ದನಿ ಚಪ್ಪರದ ತುಂಬ ಹರಡಿತು. ಹಾಡುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಸೊಲ್ಲು ಸೇರಿಸಿದರು. ಅಪ್ಪ ನಾಗರಾಜು ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ದಿಗಂತ್ ಮಾತ್ರ ಚಪ್ಪರದ ಹೊರಗೇ ಉಳಿದಿದ್ದ. ದೀಕ್ಷಿತಾ ಬಂದಳು, ಅಂಗೈ ತುಂಬ ಅರಿಶಿನ.

"ಒಳಗೆ ಬನ್ನಿ."

"ಇಷ್ಟು ಜನ ನೆಂಟರು... ಯಾರು ಅಂತ ಕೇಳಿದ್ರೆ?"

ಅವಳು ಉತ್ತರ ಕೊಡುವ ಮೊದಲೇ ಅಪ್ಪ ತಿರುಗಿ ನೋಡಿದರು. ಮಗಳನ್ನೊಮ್ಮೆ, ಅವನನ್ನೊಮ್ಮೆ.

"ಯಾರವ್ವ ಇವ್ರು? ಡಬ್ಬಿ ರಿಪೇರಿಯವ್ರಲ್ವಾ?"

ಹೆಂಗಸರ ಹಾಡು ಸಣ್ಣಗಾಯಿತು. ಎಲ್ಲರ ಕಣ್ಣೂ ಈ ಕಡೆಗೇ! ನಿನ್ನೆಯ ಹಾಗೇ. ಆದರೆ ಇವತ್ತು ದೀಕ್ಷಿತಾ ಕಂಬ ಹಿಡಿಯಲಿಲ್ಲ, ಅವನ ಕೈ ಹಿಡಿದಳು.

"ನನ್ನೋರು, ಅಪ್ಪ."