ಸಾಕವ್ವನ ಕೆನ್ನೆ

ಬಹುಕಾಲದ ಹಿಂದಿನ ಮಾತು. ಬೆಟ್ಟಗಳ ಆಚೆ, ಹೊಳೆಗಳ ಈಚೆ ಒಂದು ರಾಜ್ಯವಿತ್ತು. ಅಲ್ಲಿ ಚಂಪಾಲಿ ಅಂತ ಒಬ್ಬ ಹುಡುಗಿ. ಅವಳಿಗೆ ಗಿಡ ಬಳ್ಳಿ ಬರೆಯುವ ಹುಚ್ಚು. ಬಣ್ಣದ ಕಡ್ಡಿ ಹಿಡಿದು ಕೂತಳೆಂದರೆ ಊಟದ ನೆನಪಿಲ್ಲ. ಈಗ ನೀವು ಬಣ್ಣದ ಪೆನ್ಸಿಲ್ ಅನ್ನುತ್ತೀರಲ್ಲ, ಅಂಥವೇ.

ತಾಯಿ ಸಾಕವ್ವ ಅರಮನೆಯ ಅಡುಗೆಯವಳು. ಇದ್ದಲಿನಂಥ ಕಪ್ಪು. ಆದರೆ ಆ ಮುಖದಲ್ಲಿ ಇಲ್ಲದ ಆಟವಿರಲಿಲ್ಲ. ನಕ್ಕರೆ ಕೆನ್ನೆಯಲ್ಲಿ ಕೆಂಪು ಮಿನುಗುತ್ತಿತ್ತು, ಮುನಿದರೆ ಹಣೆ ನೇರಳೆಯಾಗುತ್ತಿತ್ತು. ಚಂಪಾಲಿ ಎಲೆಯ ನರ ನರವನ್ನೂ ನೋಡಿದ್ದಳು. ಅವ್ವನ ಮುಖವನ್ನು ಕೂತು ನೋಡಿದವಳಲ್ಲ. ಅವ್ವ ಎಲ್ಲಿಗೆ ಹೋಗುತ್ತಾಳೆ, ಅಲ್ಲವೇ.

ಒಂದು ದಿನ ಬೂದಿಗಣ್ಣನೆಂಬ ಮಂತ್ರವಾದಿ ರಾಜನ ಓಲಗಕ್ಕೆ ಬಂದ. ರಾಜ ಅವನ ಗಡ್ಡ ನೋಡಿ ನಕ್ಕುಬಿಟ್ಟ. ಅಷ್ಟಕ್ಕೇ ಅವನು ಒಂದು ಹಿಡಿ ಬೂದಿ ಊದಿದ. ಕಾಡು ಬಿಳಿ ಕಲ್ಲಾಯಿತು, ಹೊಳೆ ಬಿಳಿ ಕಲ್ಲಾಯಿತು, ಸೌದೆಗೆಂದು ಕಾಡಿಗೆ ಹೋಗಿದ್ದ ಸಾಕವ್ವನೂ ಕಲ್ಲಾದಳು. ಎಲೆಯೊಂದು, ನೀರೊಂದು, ಮನುಷ್ಯರೊಬ್ಬರು, ಈ ಮೂರನ್ನೂ ಉಸಿರಾಡುವ ಹಾಗೆ ಬರೆದರೆ ಮಾಟ ಮುರಿಯುತ್ತದೆ, ತಪ್ಪಿದರೆ ಬರೆದವರೂ ಕಲ್ಲೇ ಎಂದ. ಒಂದೊಂದಕ್ಕೆ ಒಂದೇ ಹಾಳೆ. ಆಸ್ಥಾನದ ಚಿತ್ರಗಾರರು ಹಸುರು ಬಳಿದರು, ಕಲ್ಲಾದರು.

ಚಂಪಾಲಿ ಅಳುತ್ತ ಆ ಬಿಳಿ ಕಾಡಿಗೆ ಹೋದಳು. ಅಲ್ಲಿ ಒಂದು ಗೋಸುಂಬೆ ಮಾತ್ರ ಬಣ್ಣ ಕಳೆದುಕೊಳ್ಳದೆ ಕೂತಿತ್ತು.

"ನೀನು ಹೇಗೆ ಉಳಿದೆ ಮಾವ?"

"ನನ್ನ ನಿಜವಾದ ಬಣ್ಣ ಯಾವುದೆಂದು ಅವನಿಗೆ ತಿಳಿಯಲಿಲ್ಲ ಮಗಳೇ. ನನಗೂ ತಿಳಿಯದು" ಎಂದಿತು ಗೋಸುಂಬೆ.

ಹೊಂಗೆ ಎಲೆ ಬರೆಯಬೇಕು ಎಂದಳು. ಹಸುರು ಕಡ್ಡಿ ಕೆಳಗಿಡು ಎಂದಿತು ಗೋಸುಂಬೆ. ತಾನೇ ಎಲೆಯಂತೆ ಚಪ್ಪಟೆಯಾಗಿ ಕೂತು ಮೊದಲು ಹಳದಿಯಾಯಿತು, ಅದರ ಮೇಲೆ ನೀಲಿ ತಂದಿತು, ಅಂಚಿಗೆ ಒಂಚೂರು ಕೆಂಪು ತಂದಿತು. ಅವಳೂ ಹಾಗೇ ಒಂದರ ಮೇಲೊಂದು ತೀಡಿದಳು.

"ಉಸಿರು ತಾಕಿದ ಹಾಗೆ ತೀಡು. ಕಾಗದಕ್ಕೂ ಸಣ್ಣ ತರಿ ಇದೆ, ಬಣ್ಣ ಹಿಡಿಯುವುದು ಅದೇ. ಒತ್ತಿ ಉಜ್ಜಿದರೆ ಆ ತರಿ ಮುಚ್ಚಿಹೋಗುತ್ತದೆ. ಆಮೇಲೆ ದೇವರೇ ಬಂದರೂ ಇನ್ನೊಂದು ಬಣ್ಣ ನಿಲ್ಲುವುದಿಲ್ಲ."

ಎಲೆ ಹಾಳೆಯ ಮೇಲೆ ಅಲುಗಾಡಿತು.

ಆಮೇಲೆ ನೀರು ಬರೆಯಲು ಕೂತಳು. ಹೊಳಪನ್ನು ಬರೆಯಲು ಹೋಗಬೇಡ, ಬಿಟ್ಟುಬಿಡು ಎಂದಿತು ಗೋಸುಂಬೆ. ಅವಳು ಸುತ್ತ ನೀಲಿ ತೀಡಿ, ಬಿಸಿಲು ಬೀಳುವಲ್ಲಿ ಹಾಳೆಯನ್ನು ಹಾಗೇ ಬಿಟ್ಟಳು. ಹಾಳೆಯ ಅಂಚಿನಿಂದ ನೀರು ತೊಟ್ಟಿಕ್ಕಿತು.

ಮೂರನೆಯದು ಅವ್ವ. "ನಿಮ್ಮವ್ವನನ್ನು ನಾನು ಕಂಡಿಲ್ಲ. ನೀನು ಕಂಡಿದ್ದೀಯಲ್ಲ, ಬರಿ" ಎಂದು ಗೋಸುಂಬೆ ಕಲ್ಲಿನ ಮರೆಗೆ ಸರಿಯಿತು.

ಕಣ್ಣು ಬಂತು, ಮೂಗು ಬಂತು. ಅಷ್ಟರಲ್ಲಿ ಬೂದಿಗಣ್ಣ ಹಿಂದೆ ಬಂದು ನಿಂತ. ಮಾಟ ಮುರಿಯುತ್ತದೋ ನೋಡಲು ರಾಜನೂ ಅವನ ಮಂದಿಯೂ ಬಂದಿದ್ದರು.

"ಇದೇನೇ, ನಿಮ್ಮವ್ವನೋ ಬಾಣಲೆಯ ತಳವೋ?" ಎಂದ ಬೂದಿಗಣ್ಣ. ಮಂದಿ ಕಿಸಕ್ಕೆಂದರು.

ಚಂಪಾಲಿಯ ಕಿವಿ ಕಾದವು. ಎಲ್ಲರ ಮುಂದೆ ಅವ್ವ ಚೆಂದ ಕಾಣಬೇಕು ಅನ್ನಿಸಿತು. ಬಿಳಿ ಕಡ್ಡಿ ತೆಗೆದುಕೊಂಡು ಕೆನ್ನೆಗೆ, ಹಣೆಗೆ ಒತ್ತಿ ಒತ್ತಿ ಉಜ್ಜಿದಳು. ಸಾಕು ಮಗಳೇ, ಸಾಕು, ಎಂದಿತು ಗೋಸುಂಬೆ. ಅವಳಿಗೆ ಕೇಳಿಸಿದ್ದು ಆ ನಗು ಮಾತ್ರ.

ಮುಖ ಫಳಫಳ ಹೊಳೆಯಿತು. ಅದಕ್ಕೆ ಕೆಂಪು ತರಲು ಹೋದಳು, ಕಡ್ಡಿ ಜಾರಿತು. ನೇರಳೆ ತರಲು ಹೋದಳು, ಅದೂ ಜಾರಿತು. ಆದರೆ ಎದೆಯ ಸೆರಗನ್ನು ಹಗುರವಾಗಿ ತೀಡಿದ್ದಳಲ್ಲ, ಅದು ಮೇಲೇರಿ ಕೆಳಗಿಳಿಯಿತು. ಚಿತ್ರ ಉಸಿರಾಡಿತು.

ಮಾಟ ಮುರಿಯಿತು. ಬೂದಿಗಣ್ಣ ನಿಂತಲ್ಲೇ ಬೂದಿಯಾದ. ಕಾಡು ಹಸುರಾಯಿತು, ಹೊಳೆ ಹರಿಯಿತು, ಚಿತ್ರಗಾರರು ಮೈ ಮುರಿದು ಎದ್ದರು. ಸಾಕವ್ವ ಸೌದೆ ಹೊತ್ತು ನಡೆದು ಬಂದಳು. ಚಿತ್ರದಲ್ಲಿದ್ದ ಹಾಗೇ, ಹುಣ್ಣಿಮೆಯಂಥ ಮುಖ. ಎಂಥಾ ಚೆಲುವೆ ಎಂದು ಊರೆಲ್ಲ ಕೊಂಡಾಡಿತು.

ಮಗಳು ಓಡಿ ಹೋಗಿ ತಬ್ಬಿಕೊಂಡು ತಲೆಯೆತ್ತಿ ನೋಡಿದಳು. ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ತಿಳಿಯಲಿಲ್ಲ. ಆ ಹೊಳಪಿನ ಮೇಲೆ ಯಾವುದೂ ನಿಲ್ಲುತ್ತಿರಲಿಲ್ಲ.

"ಯಾಕವ್ವ ಹೀಗೆ ನೋಡ್ತಿ?" ಎಂದಳು ಸಾಕವ್ವ.

"ಏನಿಲ್ಲವ್ವ" ಎಂದಳು ಚಂಪಾಲಿ.

ಆಮೇಲೆ ಅವಳು ದಿನವೂ ಅವ್ವನ ಎದುರು ಕೂತು ನೋಡುತ್ತಿದ್ದಳು. ತಲೆ ಬಾಚುವಾಗ ಅವ್ವನ ಬೆರಳು ಬಿಗಿಯಾದರೆ ಸಿಟ್ಟು, ಸಡಿಲಾದರೆ ಅಕ್ಕರೆ. ಅಷ್ಟನ್ನು ಕಲಿತಳು. ಮುಖದಿಂದ ಮಾತ್ರ ಏನೂ ಸಿಗಲಿಲ್ಲ.

ಆ ರಾಜ್ಯದಲ್ಲಿ ರಾಜ ಸುಖವಾಗಿದ್ದ, ಮಂದಿ ಸುಖವಾಗಿದ್ದರು, ಗೋಸುಂಬೆ ತನಗೆ ಬೇಕಾದ ಬಣ್ಣದಲ್ಲಿ ಸುಖವಾಗಿತ್ತು. ಚಂಪಾಲಿಯೂ ಇದ್ದಳು.