ಹದಿನಾಲ್ಕನೇ ನಂಬರಿನ ನಳಿಗೆ

ಗೂಳಿ ನನ್ನಿಂದ ಹನ್ನೆರಡು ಅಡಿ ದೂರದಲ್ಲಿ ನಿಂತಿತ್ತು.

ಕೆಂಪು ಗೂಳಿ. ಒಂದು ಟನ್ನಿಗೆ ಸ್ವಲ್ಪ ಕಡಿಮೆ. ತಲೆ ತಗ್ಗಿಸಿ, ಮುಂಗಾಲಿನಿಂದ ಮಣ್ಣು ಕೆದರಿ ಬೆನ್ನ ಮೇಲೆ ಎರಚಿಕೊಳ್ಳುತ್ತಿತ್ತು. ಗೂಳಿ ಹಾಗೆ ಮಾಡಿದರೆ ಅದು ಆಟವಲ್ಲ... ತಯಾರಿ!

ನನ್ನ ಬೆನ್ನ ಹಿಂದೆ ಕಬ್ಬಿಣದ ಗೇಟು. ಹೊರಗಿನಿಂದ ಚಿಲಕ. ಎಡಕ್ಕೂ ಬಲಕ್ಕೂ ಎಂಟಡಿ ಎತ್ತರದ ಹಲಗೆ ಗೋಡೆ. ದನಗಳನ್ನು ಲಾರಿಗೆ ಹತ್ತಿಸುವ ಓಣಿ ಅದು.

"ಆರ್ಡಿಸ್! ಇನ್ನೂ ಇದೀಯೇನೇ?" ಗೋಡೆಯಾಚೆಯಿಂದ ಕರ್ಟ್ ಬ್ರಾಂಡ್‌ವೋಲ್ಡ್ ಕೂಗಿದ. ಆ ದನದ ಹರಾಜುಕಟ್ಟೆಯ ಮಾಲೀಕ.

"ಇದೀನಿ. ನಿನ್ನ ಗೂಳಿಗೆ ನನ್ನ ಪರಿಚಯ ಮಾಡಿಕೊಡ್ಲೇ ಇಲ್ಲವಲ್ಲೋ."

"ಅದೇ ಮಾಡ್ಕೊಳ್ಳುತ್ತೆ ಬಿಡು. ಅದಕ್ಕೆ ಸಂಕೋಚ ಇಲ್ಲ!"

ಮೇ ತಿಂಗಳ ಶುಕ್ರವಾರ. ಮಧ್ಯಾಹ್ನ ಮೂರು ಗಂಟೆ. ನನಗೆ ಅರವತ್ತೊಂದು ವರ್ಷ. ಕೈಯಲ್ಲಿ ಆಯುಧ ಅಂತ ಇದ್ದದ್ದು ಒಂದು ಕಾಫಿ ಡಬ್ಬಿ.

ಇಲ್ಲಿಗೆ ಹೇಗೆ ಬಂದೆ ಅಂತ ಕೇಳುತ್ತೀರಾ? ಹೇಳುತ್ತೇನೆ. ಗೂಳಿ ಎಲ್ಲೂ ಹೋಗುವುದಿಲ್ಲ.

ಮೊಂಟಾನಾದ ಈ ಮೂಲೆಯಲ್ಲಿ ಮೂವತ್ತು ವರ್ಷ ನಾನು ದನಗಳ ಮುದ್ರೆ ನೋಡುವ ಸರ್ಕಾರಿ ಕೆಲಸ ಮಾಡಿದೆ. ಯಾರ ಬರೆ ಯಾವ ದನದ ತೊಡೆಯ ಮೇಲಿದೆ, ಆ ದನ ಯಾರ ಹಿಂಡಿನಲ್ಲಿದೆ... ಎರಡೂ ತಾಳೆಯಾಗದಿದ್ದರೆ ಯಾರ ಮನೆ ಬಾಗಿಲು ಬಡಿಯಬೇಕು... ಅಷ್ಟೇ ಕೆಲಸ. ಈಗ ನಿವೃತ್ತಿ. ಆದರೂ ಏನಾದರೂ ಕಳೆದುಕೊಂಡವರು ನನ್ನ ಅಡುಗೆಮನೆಗೇ ಬರುತ್ತಾರೆ.

ಗುರುವಾರ ಬೆಳಿಗ್ಗೆ ಲೈಲ್ ಕಿನ್ಸರ್ ಬಂದ.

ಲೈಲ್ ಶಾಲೆಯ ಬಸ್ಸು ಓಡಿಸುತ್ತಾನೆ. ಹದಿನಾಲ್ಕನೇ ನಂಬರಿನ ಹಳದಿ ಬಸ್ಸು. ಐವತ್ತೆಂಟು ವರ್ಷ. ಬಲಗೈಯ ಎರಡು ಬೆರಳು ಹಿಂದೊಮ್ಮೆ ಹುಲ್ಲು ಕಟ್ಟುವ ಯಂತ್ರಕ್ಕೆ ಹೋಗಿವೆ. ಮಾತು ಕಡಿಮೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಒಳಗೆ ಬಾರಯ್ಯ. ಕಾಫಿ ಇದೆ."

"ನನ್ನ ಬಂದೂಕು ಹೋಯ್ತು, ಆರ್ಡಿಸ್."

ಟೋಪಿಯಿಂದ ಒಂದು ಲೋಹದ ತುಂಡು ತೆಗೆದು ಮೇಜಿನ ಮೇಲಿಟ್ಟ. ದೊಡ್ಡ ಸೋಪಿನಷ್ಟಿತ್ತು.

"ಇದೇನು?"

"ಬಂದೂಕು."

"ಈಗ ತಾನೆ ಹೋಯ್ತು ಅಂದೆ!"

"ಪೊಲೀಸ್ ಡೆಪ್ಯುಟಿ ಪ್ರಕಾರ ಸಿಕ್ಕಿದೆ."

ಅವನಿಂದ ಕತೆ ಹೊರಡಿಸಲು ಎರಡು ಲೋಟ ಕಾಫಿ ಬೇಕಾಯಿತು. ನಿಮಗೆ ಚುಟುಕಾಗಿ ಹೇಳುತ್ತೇನೆ.

ಲೈಲ್ ನಾಲ್ಕು ಚಳಿಗಾಲ ಕೂತು ಒಂದು ಪಾಯಿಂಟ್ ಟೂ ಟೂ ಬಂದೂಕು ಕಟ್ಟಿದ್ದ. ಗುರಿಸ್ಪರ್ಧೆಗೆ. ಒಂದು ಗುಂಡು ಹಾರಿದರೆ ಇನ್ನೊಂದು ತಾನೇ ಬಂದು ಕೂರುವಂಥದ್ದು. ನಳಿಗೆ ಒಂದು ಕಡೆಯಿಂದ ತರಿಸಿದ. ಟ್ರಿಗರ್ ಇನ್ನೊಂದು ಕಡೆಯಿಂದ. ಮರದ ಹಿಡಿಯನ್ನು ವಾಲ್‌ನಟ್ ಮರದಲ್ಲಿ ತಾನೇ ಕೆತ್ತಿದ... ಮೂರು ಬೆರಳಿನ ಕೈಗೆ ಹೊಂದುವಂತೆ. ಇವನ್ನೆಲ್ಲ ಹಿಡಿದಿಡುವ ನಡುವಿನ ಪೆಟ್ಟಿಗೆಗೆ ರಿಸೀವರ್ ಅನ್ನುತ್ತಾರೆ. ಸರ್ಕಾರದ ನಂಬರು ಇರುವುದು ಅದರ ಮೇಲೆ ಮಾತ್ರ. ಕಾನೂನಿನ ಕಣ್ಣಿಗೆ ಅದೊಂದೇ ಬಂದೂಕು. ಉಳಿದದ್ದೆಲ್ಲ ಬರೀ ಸಾಮಾನು!

ಬುಧವಾರ ಬೆಳಿಗ್ಗೆ ಅವನು ಮಕ್ಕಳನ್ನು ಶಾಲೆಗೆ ಬಿಡಲು ಹೋಗಿದ್ದಾಗ ಯಾರೋ ಅವನ ಶೆಡ್ಡಿಗೆ ನುಗ್ಗಿದ್ದಾರೆ. ಸಂಜೆಗೆ ಡೆಪ್ಯುಟಿ ಕೋಲ್ ರೆಂಡರ್‌ಗೆ ರಸ್ತೆ ಬದಿಯ ಮೋರಿಯಲ್ಲಿ ರಿಸೀವರ್ ಸಿಕ್ಕಿದೆ. ಬೋಳು. ನಳಿಗೆ ಇಲ್ಲ, ಟ್ರಿಗರ್ ಇಲ್ಲ, ಹಿಡಿ ಇಲ್ಲ.

"'ಬಂದೂಕು ಸಿಕ್ತು ಸರ್, ಸಹಿ ಹಾಕಿ' ಅಂದ," ಲೈಲ್ ಹೇಳಿದ. "ಕೇಸು ಮುಗೀತಂತೆ."

"ಸ್ಪರ್ಧೆ ಯಾವಾಗ?"

"ಶನಿವಾರ. ಮೊದಲ ಮೂರು ಜನ ರಾಜ್ಯ ತಂಡಕ್ಕೆ. ಹೋದ ವರ್ಷ ನಾನು ನಾಲ್ಕನೆಯವ. ಅದರ ಹಿಂದಿನ ವರ್ಷಾನೂ ನಾಲ್ಕನೆಯವ."

"ಮುಂದಿನ ವರ್ಷ?"

ಲೈಲ್ ಕನ್ನಡಕ ತೆಗೆದು ಒರೆಸಿದ. "ಕಣ್ಣಿನ ಡಾಕ್ಟರು ಮುಂದಿನ ವರ್ಷದ ಮಾತೇ ಎತ್ತಬೇಡ ಅಂದಿದಾರೆ."

ಅರ್ಥವಾಯಿತು. ಆದರೂ ಕೇಳಿದೆ. "ಅಂಗಡೀಲಿ ಸಿದ್ಧ ಬಂದೂಕು ಸಿಗುತ್ತಲ್ಲ? ಇವತ್ತು ಕೊಂಡ್ರೆ ಶನಿವಾರ ಹೊಡೀಬಹುದು."

"ನಿನ್ನೆ ಸಂಜೆ ಒಬ್ಬರದ್ದು ಎರವಲು ತಂದು ಹೊಡೆದು ನೋಡಿದೆ. ಒಳ್ಳೇ ಬಂದೂಕು."

"ಮತ್ತೆ?"

"ಐದು ಬೆರಳು ಇರೋರಿಗೆ ಮಾಡಿದ್ದು."

ಹಳೇ ವೃತ್ತಿಯ ಪ್ರಶ್ನೆ ಕೇಳಿದೆ. "ಮುದ್ರೆ ಒತ್ತಿದ್ದೀಯಾ?"

"ನಳಿಗೆ ಮೇಲೆ. ಒಳಗೆ ಕೂರೋ ತುದೀಲಿ, ಬಿಚ್ಚದೆ ಕಾಣಲ್ಲ. ಹದಿನಾಲ್ಕು ಅಂತ. ಬಸ್ ನಂಬರು."

"ಜಾಣ! ಕಳ್ಳ ಮತ್ತೇನಾದ್ರೂ ಬಿಟ್ಟು ಹೋಗಿದಾನಾ?"

"ಗುಂಡು. ಅದು ಕೆಳಗೆ ಉಗ್ರಾಣದಲ್ಲಿ, ಆಲೂಗೆಡ್ಡೆ ಮೂಟೆ ಹಿಂದೆ ಇತ್ತು." ಲೈಲ್ ಮೊದಲ ಸಲ ತಲೆಯೆತ್ತಿದ. "ಅದಿಲ್ದೆ ಆ ನಳಿಗೆ ಕೆಲಸಕ್ಕೆ ಬರಲ್ಲ, ಆರ್ಡಿಸ್."

ಇಲ್ಲಿ ನೀವು ಸ್ವಲ್ಪ ಗಮನ ಕೊಡಬೇಕು. ಈ ಸಣ್ಣ ಗುಂಡುಗಳು ಕಾರ್ಖಾನೆಯಿಂದ ಲಾಟ್ ಲಾಟ್ ಆಗಿ ಬರುತ್ತವೆ. ಪ್ರತಿ ಲಾಟ್‌ಗೂ ಒಂದು ನಂಬರು. ನಮ್ಮ ಕಣ್ಣಿಗೆ ಎಲ್ಲ ಒಂದೇ. ಆದರೆ ಒಳ್ಳೆಯ ನಳಿಗೆಗೆ ನಾಲಿಗೆಯಿದೆ! ಒಂದೇ ಬಣವೆಯ ಹುಲ್ಲು ಮೇದು ಉಳಿದದ್ದಕ್ಕೆ ಮುಖ ತಿರುಗಿಸುವ ಹಸುವಿನ ಹಾಗೆ. ಲೈಲ್‌ನ ನಳಿಗೆ ಇಪ್ಪತ್ತಮೂರು ಲಾಟ್ ಉಗಿದು, ಇಪ್ಪತ್ತನಾಲ್ಕನೆಯದನ್ನು ಒಪ್ಪಿತ್ತು. ನಂಬರು ೪೧೭. ಅದು ಗೊತ್ತಾದ ದಿನವೇ ಲೈಲ್ ಸುತ್ತಲ ಐದು ಊರಿನ ಅಂಗಡಿಗಳಿಗೆ ಹೋಗಿ ಆ ಲಾಟ್ ಪೂರಾ ಎತ್ತಿಕೊಂಡು ಬಂದಿದ್ದ.

ಅಂದರೆ... ನಳಿಗೆ ಕಳ್ಳನ ಬಳಿ. ಅದರ ಊಟ ನಮ್ಮ ಬಳಿ.

"ಈ ನಂಬರು ಯಾರ್ಯಾರಿಗೆ ಗೊತ್ತು?"

"ಕ್ಲಬ್ಬಲ್ಲಿ ಎಲ್ಲರಿಗೂ. ನಾನೇ ಹೇಳಿದೀನಿ."

"ನೀನು ಮಾತಾಡಿದ್ದೇ ಒಂದು ವಿಷಯ... ಅದೂ ಇದೇನಾ!"

ಮಧ್ಯಾಹ್ನದ ಹೊತ್ತಿಗೆ ದನದ ಮೇವಿನಂಗಡಿಯ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆ. 'ಪಾಯಿಂಟ್ ಟೂ ಟೂ ಗುಂಡು ಮಾರಾಟಕ್ಕಿದೆ. ತಮ್ಮನ ಮನೆ ಖಾಲಿ ಮಾಡುವಾಗ ಸಿಕ್ಕಿದ್ದು. ಲಾಟ್ ೪೧೭.' ಕೆಳಗೆ ನನ್ನ ತಂಗಿಯ ಫೋನ್ ನಂಬರು, ನನ್ನದು ಎಲ್ಲರಿಗೂ ಗೊತ್ತು. ನನಗೆ ತಮ್ಮನೇ ಇಲ್ಲ. ಇರಲಿ.

ತಂಗಿಯ ಮನೆಗೆ ಹೋಗಿ ಅವಳ ಅಡುಗೆಮನೆಯಲ್ಲಿ ಕೂತೆ. ಅವಳು ರೂಬಾರ್ಬ್ ದಂಟು ಹೆಚ್ಚುತ್ತಿದ್ದಳು. ಸಂಜೆಯೊಳಗೆ ಎರಡು ಫೋನು.

ಮೊದಲನೆಯದು ಮಿಸೆಸ್ ಯೋಡರ್. ವಯಸ್ಸು ಎಂಬತ್ತು.

"ಏನಮ್ಮ, ಈ ಗುಂಡಿಗೆ ಗೋಫರ್ ಇಲಿ ಸಾಯುತ್ತಾ? ನನ್ನ ಬಟಾಣಿ ಪೂರಾ ತಿಂದು ಹಾಕಿದಾವೆ, ಮುಂಡೇವು! ಎಷ್ಟಕ್ಕೆ ಕೊಡ್ತೀಯ?"

ಎರಡನೆಯದು ಗಂಡಸು. ದನಿ ಅದುಮಿ ಮಾತಾಡುತ್ತಿದ್ದ.

"ಲಾಟ್ ನಾನೂರ ಹದಿನೇಳಾ? ಖಚಿತಾನಾ?"

"ಡಬ್ಬಿ ಮೇಲೆ ಹಾಗೇ ಇದೆಯಪ್ಪ."

"ಇನ್ನೊಂದ್ಸಲ ಓದಿ."

ಓದಿದೆ.

"ನಾಳೆ ಮೂರು ಗಂಟೆಗೆ ಹರಾಜುಕಟ್ಟೆಗೆ ತನ್ನಿ." ಫೋನು ಕುಕ್ಕಿದ.

ಬೆಲೆ ಕೇಳಲಿಲ್ಲ! ಈ ಜಿಲ್ಲೆಯಲ್ಲಿ ಮೊಳೆ ಕೊಳ್ಳುವಾಗಲೂ ಬೆಲೆ ಕೇಳದ ಗಂಡಸನ್ನು ನಾನು ಕಂಡಿಲ್ಲ. ಅದರಲ್ಲೂ ಕರ್ಟ್ ಬ್ರಾಂಡ್‌ವೋಲ್ಡ್! ಅವನ ದನಿ ನನಗೆ ಗೊತ್ತಿಲ್ಲವೇ? ಮೂವತ್ತು ವರ್ಷ ಅವನ ಕಟ್ಟೆಯಲ್ಲಿ ದನದ ಬರೆ ನೋಡಿದವಳು ನಾನು.

ಹೋದ ವರ್ಷ ಸ್ಪರ್ಧೆಯಲ್ಲಿ ಐದನೆಯವನಾಗಿದ್ದು ಇದೇ ಕರ್ಟ್. ಅಂಗಡಿಯಲ್ಲಿದ್ದ ಅತಿ ದುಬಾರಿ ಬಂದೂಕು ಕೊಂಡವನು. ಲೈಲ್‌ನ ಬಂದೂಕು ಕಂಡಾಗಲೆಲ್ಲ, "ನಲ್ಲಿ ರಿಪೇರಿಯವನ ಮೂಟೆಯಿಂದ ಎತ್ತಿ ಜೋಡಿಸಿದ್ಯಾ?" ಅಂತ ನಗುತ್ತಿದ್ದವನು.

ನಾನು ನಿಜವಾದ ಲಾಟ್ ಒಯ್ಯಲಿಲ್ಲ. ನಾನೇನು ಹುಚ್ಚಿಯೇ? ಮನೆಯಲ್ಲಿದ್ದ ಹಳೇ ಬಿಡಿ ಗುಂಡುಗಳನ್ನು ಕಾಫಿ ಡಬ್ಬಿಗೆ ಸುರಿದುಕೊಂಡೆ. ಅವನ ಆಫೀಸಿನೊಳಗೆ ಒಮ್ಮೆ ಇಣುಕಿದರೆ ಸಾಕಿತ್ತು.

ಇಣುಕಿದೆ. ಆಫೀಸಿನಲ್ಲಿ ಮೇಲಕ್ಕೆತ್ತಿದ ಕಿಟಕಿ ಜಾರಿ ಬೀಳದಂತೆ ಒಂದು ಮರದ ತುಂಡು ಆನಿಸಿದ್ದರು. ವಾಲ್‌ನಟ್. ಮೂರು ಬೆರಳಿಗೆ ಕೆತ್ತಿದ್ದು! ನಾಲ್ಕು ಚಳಿಗಾಲದ ಕೆಲಸ... ಕಿಟಕಿಗೆ ಊರುಗೋಲು!

"ಚೆನ್ನಾಗಿದೆ ಕರ್ಟ್, ನಿನ್ನ ಕಿಟಕಿ," ಅಂದುಬಿಟ್ಟೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಅವನು ಕಿಟಕಿ ನೋಡಿದ. ನನ್ನನ್ನು ನೋಡಿದ. ನಕ್ಕ. "ಗುಂಡಿನ ದುಡ್ಡು ತಕ್ಕಡಿ ಮನೇಲಿದೆ. ಈ ಓಣೀಲಿ ಬಾ, ಹತ್ತಿರ."

ಹಿಂದೆ ಗೇಟು ಮುಚ್ಚಿತು. ಮುಂದೆ ಗೇಟು ತೆರೆಯಿತು. ಕೆಂಪು ಗೂಳಿ ಒಳಗೆ ಬಂತು.

ಅಲ್ಲಿಗೆ ಬಂದು ನಿಂತಿದ್ದೇವೆ.

"ನಾಳೆ ಸಂಜೆವರೆಗೆ ಸುಮ್ನೆ ಇರ್ತೀನಿ ಅನ್ನು, ತೆಗೀತೀನಿ!" ಕರ್ಟ್ ಕೂಗಿದ.

"ಸುಮ್ನೆ ಇರೋದು ನಮ್ಮ ವಂಶದಲ್ಲೇ ಇಲ್ಲ!"

ಗೂಳಿ ಮೂಗಿನಿಂದ ಗಾಳಿ ಬಿಟ್ಟಿತು. ಒಂದು ಹೆಜ್ಜೆ. ಇನ್ನೊಂದು. ನಾನು ಗೇಟಿಗೆ ಒತ್ತಿಕೊಂಡೆ. ಕೈ ನಡುಗಿತು. ಸುಳ್ಳು ಯಾಕೆ ಹೇಳಲಿ, ಜೋರಾಗಿಯೇ ನಡುಗಿತು. ಡಬ್ಬಿಯಲ್ಲಿದ್ದ ಗುಂಡುಗಳು ಗಲಗಲ ಅಂದವು.

ಗೂಳಿಯ ಕಿವಿ ನಿಮಿರಿತು.

ಅದರ ಕಣ್ಣು ಡಬ್ಬಿಯ ಮೇಲೆ ನೆಟ್ಟಿತು. ನನಗೆ ನಗು ತಡೆಯಲಾಗಲಿಲ್ಲ! ನಮ್ಮ ಕಡೆ ಚಳಿಗಾಲವಿಡೀ ದನಗಳಿಗೆ ಹಿಂಡಿ ಗಟ್ಟಿ ಹಾಕುತ್ತೇವೆ. ಹೊಲದ ಮಧ್ಯೆ ನಿಂತು ಡಬ್ಬಿ ಅಲ್ಲಾಡಿಸಿದರೆ ಸಾಕು, ಅರ್ಧ ಮೈಲಿ ದೂರದಿಂದ ಹಿಂಡು ಓಡಿಬರುತ್ತದೆ. ಹಿಂಡಿ ತಿಂದು ಬೆಳೆದ ಗೂಳಿಗೆ ಆ ಸದ್ದಿಗಿಂತ ದೊಡ್ಡ ಸಂಗೀತವಿಲ್ಲ.

ಅಲ್ಲಾಡಿಸಿದೆ. ಗಲಗಲ! ಗಲಗಲ!

"ಬಾರೋ ರಾಜ... ಬಾ ಬಾ ಬಾ..."

ರಾಜ ತಲೆಯೆತ್ತಿದ. ನಾಲಿಗೆ ಹೊರಗೆ ಹಾಕಿ ಮೂಗು ನೆಕ್ಕಿಕೊಂಡ. ಹಲಗೆ ಗೋಡೆಗೆ ಬೆನ್ನು ಸವರಿಕೊಂಡು ನಾನು ಅವನನ್ನು ದಾಟಿದೆ. ದಾಟುವಾಗ ಅವನ ಪಕ್ಕೆ ನನ್ನನ್ನು ಗೋಡೆಗೆ ಒಂದು ಸಲ ಒರೆಸಿತು. ಪ್ರೀತಿಯಿಂದಲೇ ಇರಬೇಕು. ನನ್ನ ಎರಡು ಪಕ್ಕೆಲುಬು ಲಟಕ್ ಅಂದವು. ಉಸಿರು ಕಟ್ಟಿಕೊಂಡೇ ಅವನು ಬಂದ ಗೇಟಿನಿಂದ ಅಂಗಳಕ್ಕೆ ಓಡಿದೆ. ಕೈಯಲ್ಲಿ ಡಬ್ಬಿ. ಬೆನ್ನಿಗೆ ಗೂಳಿ.

ಕರ್ಟ್ ಸಿಗರೇಟು ಹಚ್ಚುತ್ತಿದ್ದ. ನಮ್ಮಿಬ್ಬರನ್ನೂ ಕಂಡ. ಸಿಗರೇಟು ಬಿತ್ತು.

"ಏಯ್! ಅದನ್ನ ಇತ್ಲಾಗೆ ತರಬೇಡ! ಆರ್ಡಿಸ್!"

ನಾನು ಡಬ್ಬಿಯನ್ನು ಅವನ ಕಾಲ ಬುಡಕ್ಕೆ ಉರುಳಿಸಿದೆ.

ಅರವತ್ತರ ಕರ್ಟ್ ಪಿಕಪ್ ಲಾರಿಯ ಮಾಡು ಹತ್ತಿದ ವೇಗ ನೀವು ನೋಡಬೇಕಿತ್ತು! ಗೂಳಿ ಡಬ್ಬಿ ಮೂಸಿತು. ಹಿಂಡಿಯಲ್ಲ ಅಂತ ಗೊತ್ತಾಯಿತು. ಮೋಸವಾದದ್ದಕ್ಕೆ ಲಾರಿಯ ಬಾಗಿಲಿಗೆ ಒಂದು ಗುದ್ದು ಕೊಟ್ಟಿತು. ಇನ್ನೊಂದು ಕೊಟ್ಟಿತು.

"ಕರೆಯೇ ಅದನ್ನ! ನಿನ್ನ ದಮ್ಮಯ್ಯ!"

"ನಳಿಗೆ ಎಲ್ಲಿ?"

"ಕಪಾಟಲ್ಲಿ! ಹಸಿರು ಪೆಟ್ಟಿಗೇಲಿ!"

"ಬಾಗಿಲು ಮುರಿದದ್ದು ನೀನೇನಾ?"

ಧಡ್!

"ನಾನೇ! ನಾನೇ ಮಾರಾಯ್ತಿ!"

ಡೆಪ್ಯುಟಿ ಕೋಲ್ ರೆಂಡರ್ ಇಪ್ಪತ್ತು ನಿಮಿಷದಲ್ಲಿ ಬಂದ. ಅಷ್ಟರಲ್ಲಿ ಹೋರಿ ಕಾಯುವ ಆಳು ಗೂಳಿಯನ್ನು ಒಳಗೆ ಹೊಡೆದಿದ್ದ. ಲೈಲ್‌ಗೂ ಹೇಳಿ ಕಳಿಸಿದ್ದೆ. ಹಸಿರು ಪೆಟ್ಟಿಗೆ ತೆರೆದೆವು. ಒಳಗೆ ಕರ್ಟ್‌ನ ದುಬಾರಿ ಬಂದೂಕು. ಅದಕ್ಕೆ ತೊಡಿಸಿದ್ದು ಲೈಲ್‌ನ ನಳಿಗೆ, ಲೈಲ್‌ನ ಟ್ರಿಗರ್.

ಕೋಲ್ ನಂಬರು ಓದಿದ. ತಲೆ ಕೆರೆದುಕೊಂಡ. ಇನ್ನೂ ಎಳೇ ವಯಸ್ಸು, ಪಾಪ.

"ಕಷ್ಟ ಆಯ್ತಲ್ಲ ಮೇಡಂ. ನಂಬರು ಕರ್ಟ್ ಅವರದ್ದು. ಕಾನೂನು ಪ್ರಕಾರ ಬಂದೂಕು ಅವರದ್ದೇ."

"ಹಾಗನ್ನು!" ಕರ್ಟ್ ಎದೆ ಸೆಟೆಸಿದ.

ಲೈಲ್ ಜೇಬಿನಿಂದ ಸಣ್ಣ ಉಪಕರಣ ತೆಗೆದ. ಎರಡು ಸ್ಕ್ರೂ. ಅಷ್ಟೇ. ನಳಿಗೆ ಕೈಗೆ ಬಂತು. ತುದಿಯನ್ನು ಬೆಳಕಿಗೆ ಹಿಡಿದ. ಹದಿನಾಲ್ಕು.

"ಯಾರ ಬರೆ ಇದು?" ಕೇಳಿದೆ.

"ನನ್ನ ಬಸ್ಸಿಂದು."

ಟ್ರಿಗರ್ ಬಿಚ್ಚಿದ. ಕಿಟಕಿಯಿಂದ ಮರದ ಹಿಡಿ ಎತ್ತಿಕೊಂಡ. ಕಿಟಕಿ ಧಡಾರಂತ ಬಿತ್ತು. ಹಿಡಿಯ ಮೇಲಿದ್ದ ನೊಣದ ಕಲೆಯನ್ನು ತೋಳಿನಿಂದ ಒರೆಸಿದ. ಉಳಿದ ಬೋಳು ರಿಸೀವರನ್ನು ಕರ್ಟ್‌ನ ಅಂಗೈಯಲ್ಲಿಟ್ಟೆ.

"ತಗೋ ನಿನ್ನ ಬಂದೂಕು. ಸಹಿ ಹಾಕು."

ಕರ್ಟ್‌ನನ್ನು ಕೋಲ್ ಜೀಪಿಗೆ ಹತ್ತಿಸಿದ. ನಳಿಗೆ ಕದ್ದದ್ದು ಸಣ್ಣ ಕೇಸಂತೆ. ಹೆಣ್ಣುಮಗಳನ್ನು ಗೂಳಿಯ ಜೊತೆ ಕೂಡಿ ಹಾಕಿದ್ದು ದೊಡ್ಡದಂತೆ. ಕೊನೆಗೂ ನನಗೊಂದು ಬೆಲೆ ಬಂತು.

ಶನಿವಾರ ಗಾಳಿಯೋ ಗಾಳಿ. ನಾನು ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತೆ. ಜೋರಾಗಿ ಉಸಿರಾಡುವ ಹಾಗಿರಲಿಲ್ಲ. ಅದೇ ಒಳ್ಳೆಯದಾಯಿತು. ಕೊನೆಯ ಸುತ್ತಿನಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ.

ಹತ್ತು ಗುಂಡು. ಲೈಲ್ ಒಂಬತ್ತು ಹೊಡೆದ. ಒಂಬತ್ತೂ ನಡುಮಧ್ಯೆ. ಹತ್ತನೆಯದಕ್ಕೆ ಮುಂಚೆ ಬಂದೂಕು ಕೆಳಗಿಟ್ಟ. ಕನ್ನಡಕ ತೆಗೆದ. ಒರೆಸಿದ. ಹಾಕಿಕೊಂಡ. ಸಮಯ ಓಡುತ್ತಿತ್ತು. ಗಾಳಿ ಒಂದು ಕ್ಷಣ ಕುಸಿಯಿತು...

ಟಪ್!

ಲೆಕ್ಕದವರು ಕಾಗದ ತಂದರು. ಭೂತಗನ್ನಡಿ ಇಟ್ಟು ನೋಡಿದರು. ಇಬ್ಬರು ನೋಡಿದರು. ಮೂರನೆಯವರನ್ನು ಕರೆದರು.

ಮೂರನೇ ಸ್ಥಾನ! ಒಂದೇ ಅಂಕದಿಂದ!

ಲೈಲ್ ಕೂಗಲಿಲ್ಲ, ಕುಣಿಯಲಿಲ್ಲ. ಟೋಪಿ ತೆಗೆದು, ಒಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಬಹಳ ಹೊತ್ತು ಅದರೊಳಗೇ ನೋಡುತ್ತಿದ್ದ. ನಾನೂ ಬೇರೆ ಕಡೆ ನೋಡಿದೆ.

ಆಗ ತಂಡದ ವ್ಯವಸ್ಥಾಪಕಿ ಬಂದಳು. ನೀಲಿ ಅಂಗಿ, ಕೈಯಲ್ಲಿ ಕಾಗದದ ಕಟ್ಟು, ಕಂಕುಳಲ್ಲಿ ಉದ್ದನೆಯ ಹೊಸ ಪೆಟ್ಟಿಗೆ.

"ಅಭಿನಂದನೆ, ಮಿಸ್ಟರ್ ಕಿನ್ಸರ್! ಶುಭ ಸುದ್ದಿ ಇದೆ. ಈ ವರ್ಷ ನಮಗೊಂದು ಕಂಪನಿ ಪ್ರಾಯೋಜಕರು. ತಂಡಕ್ಕೆಲ್ಲ ಹೊಚ್ಚಹೊಸ ಬಂದೂಕು ಪುಕ್ಕಟೆ! ಎಲ್ಲರೂ ಅದರಲ್ಲೇ ಹೊಡೀಬೇಕು. ಕಡ್ಡಾಯ."

ಲೈಲ್ ತನ್ನ ಮೂರು ಬೆರಳು ನೋಡಿಕೊಂಡ. ನನ್ನ ಪಕ್ಕೆ ಚುಳ್ಳೆಂದಿತು. ಇದಕ್ಕಾಗಿಯೇ ಇಷ್ಟೆಲ್ಲ?

"ಅದನ್ನ ಬಿಚ್ಚಬಾರದು ಅಂತ ಬರೆದಿದೆಯಾ?" ಲೈಲ್ ಕೇಳಿದ.

ಅವಳು ಹಾಳೆ ತಿರುವಿದಳು. "ಹಾಗೇನಿಲ್ಲ. ಕಂಪನಿ ಹೆಸರು, ನಂಬರು ಫೋಟೋದಲ್ಲಿ ಕಾಣಬೇಕು. ಅಷ್ಟೇ."

"ಅದು ಎಲ್ಲಿ ಕೊರೆದಿರುತ್ತೆ?"

"ರಿಸೀವರ್ ಮೇಲೆ. ಯಾಕೆ?"

ಲೈಲ್ ನಕ್ಕ. ಆ ವಾರದಲ್ಲಿ ಮೊದಲ ಸಲ. ಪೆಟ್ಟಿಗೆ ಇಸಿದುಕೊಂಡು ಬೆಂಚಿನ ಮೇಲಿಟ್ಟ. ಮುಚ್ಚಳ ತೆರೆಯುವ ಮುಂಚೆಯೇ ಇನ್ನೊಂದು ಕೈ ಆ ಸಣ್ಣ ಉಪಕರಣಕ್ಕಾಗಿ ಜೇಬಿಗೆ ಹೋಗಿತ್ತು.

"ಮೇಡಂ, ನೀವು ಸ್ವಲ್ಪ ಆ ಕಡೆ ತಿರುಗಿಕೊಳ್ಳಿ," ಅಂದೆ ನಾನು. "ಹೊಸ ಬಂದೂಕಿನ ಕೊನೇ ಗಳಿಗೆ... ಎಲ್ಲರ ಕೈಲೂ ನೋಡಕ್ಕಾಗಲ್ಲ!"